ರಷ್ಯಾದ ಅತಿ ದೊಡ್ಡ ಬಾಕ್ಸರ್ ಯಾರು? ಜ್ಯೂ, ಬಿವೋಲ್ ಮತ್ತು ದುಡ್ಡಿಗಾಗಿ ಆಡದ ಆ ಹಳಬರು

ಪ್ರಶ್ನೆ: ನಾವು ಮೂವರು ಗೆಳೆಯರು ನಿದ್ದೆಗೆಟ್ಟು ಬಾಕ್ಸಿಂಗ್ ನೋಡುವವರು. ಬಿವೋಲ್ ಮತ್ತು ಬೆಟರ್‌ಬಿಯೆವ್ ಎರಡನೇ ಸಲ ಆಡಿದಾಗಿನಿಂದ ನಮ್ಮಲ್ಲಿ ಒಂದು ವಾದ ನಡೀತಾನೇ ಇದೆ. ರಷ್ಯಾದ ಸಾರ್ವಕಾಲಿಕ ಶ್ರೇಷ್ಠ ಬಾಕ್ಸರ್ ಬಿವೋಲ್ ಅಂತ ನಾನು. ಕೋಸ್ತ್ಯಾ ಜ್ಯೂ ಅಂತ ಒಬ್ಬ. ಸೋವಿಯತ್ ಕಾಲದ ಒಲಿಂಪಿಕ್ ಚಾಂಪಿಯನ್ನರನ್ನು ಬಿಟ್ಟು ಈ ಮಾತು ಆಡೋದೇ ತಪ್ಪು ಅಂತ ಇನ್ನೊಬ್ಬ. ನೀವೇ ಒಂದು ತೀರ್ಪು ಕೊಡಿ. (ಓದುಗರೊಬ್ಬರು, ದಾವಣಗೆರೆ)

ಉತ್ತರ: ಕೋಸ್ತ್ಯಾ ಜ್ಯೂ. ನಿಮ್ಮ ಮೊದಲ ಗೆಳೆಯ ಗೆದ್ದರು. ಆದರೆ ನಿಮ್ಮ ಬಿವೋಲ್ ಬಹಳ ಹಿಂದೆ ಉಳಿದಿಲ್ಲ. ಮೂರನೆಯವರ ಮಾತಿನಲ್ಲೂ ತುಂಬಾ ಹುರುಳಿದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳುತ್ತೇನೆ.

ಮೊದಲು ಯಾರನ್ನು ಲೆಕ್ಕಕ್ಕೆ ತಗೊಳ್ಳಬೇಕು ಅನ್ನುವುದನ್ನು ತೀರ್ಮಾನಿಸಬೇಕು. ಜ್ಯೂ ಹುಟ್ಟಿದ್ದು ಉರಲ್ ಸೀಮೆಯ ಸೆರೊವ್ ಎಂಬ ಉಕ್ಕಿನ ಕಾರ್ಖಾನೆ ಊರಿನಲ್ಲಿ. ತಂದೆಯ ಕಡೆಯಿಂದ ಕೊರಿಯನ್ ಮೂಲ. ಪ್ರೊಫೆಷನಲ್ ಆಗಿ ಆಡಿದ್ದೆಲ್ಲ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ ಮೇಲೆ. ಬಿವೋಲ್ ಹುಟ್ಟಿದ್ದು ಕಿರ್ಗಿಸ್ತಾನದ ತೊಕ್ಮೊಕ್‌ನಲ್ಲಿ. ತಂದೆ ಮೊಲ್ಡೋವಾ ಕಡೆಯವರು, ತಾಯಿ ಕೊರಿಯನ್ ಮೂಲದವರು. ಬೆಟರ್‌ಬಿಯೆವ್ ದಾಗೆಸ್ತಾನದ ಖಾಸವ್ಯುರ್ತ್‌ನ ಚೆಚೆನ್, ಈಗ ಕೆನಡಾದ ಮಾಂಟ್ರಿಯಲ್‌ನವನು. ಮೂಲ ನೋಡುತ್ತಾ ಕೂತರೆ ಒಬ್ಬೊಬ್ಬರನ್ನೇ ಹೊರಗೆ ಹಾಕಬೇಕಾಗುತ್ತದೆ. ಅದು ನ್ಯಾಯ ಅಲ್ಲ. ನಾನು ಕೇಳುವುದು ಇಷ್ಟೇ: ಇವನು ಬಾಕ್ಸಿಂಗ್ ಕಲಿತು ಬೆಳೆದದ್ದು ರಷ್ಯಾದ ನೆಲದಲ್ಲಾ? ಸೋವಿಯತ್ ಅಥವಾ ರಷ್ಯಾ ತಂಡದ ಜೆರ್ಸಿ ಹಾಕಿದ್ದನಾ? ಹೌದಾದರೆ ಲೆಕ್ಕಕ್ಕೆ ಬರುತ್ತಾನೆ. ಹಾಗೆ ನೋಡಿದರೆ ಕ್ಲಿಚ್ಕೊ ಸಹೋದರರು, ಲೊಮಚೆಂಕೊ, ಉಸಿಕ್ ಉಕ್ರೇನಿನವರು. ಗೊಲೊವ್ಕಿನ್ ಕಜಕಿಸ್ತಾನದವನು. ಅವರನ್ನು ಇಲ್ಲಿಗೆ ಎಳೆದು ತರಬಾರದು. ಅಮೆರಿಕದ ರಾಯ್ ಜೋನ್ಸ್ ಜೂನಿಯರ್ 2015ರಲ್ಲಿ ರಷ್ಯಾದ ಪೌರತ್ವ ಪಡೆದ. ಅವನೂ ಲೆಕ್ಕಕ್ಕಿಲ್ಲ.

ಇನ್ನು ಮೂರನೇ ಗೆಳೆಯರ ಮಾತು. ಸೋವಿಯತ್ ಒಕ್ಕೂಟದಲ್ಲಿ ಪ್ರೊಫೆಷನಲ್ ಬಾಕ್ಸಿಂಗ್ ಇರಲೇ ಇಲ್ಲ. 1980ರ ದಶಕದ ಕೊನೆಯವರೆಗೂ ಅಲ್ಲಿನ ಬಾಕ್ಸರ್‌ಗೆ ಇದ್ದದ್ದು ಅಮೆಚೂರ್, ಅಂದರೆ ದುಡ್ಡಿಗಲ್ಲದ ಆಟದ, ದಾರಿ ಒಂದೇ. ರಾಷ್ಟ್ರೀಯ ಚಾಂಪಿಯನ್‌ಷಿಪ್, ಯುರೋಪಿಯನ್ ಚಾಂಪಿಯನ್‌ಷಿಪ್, ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್. ಆಗ ಒಂದು ಪಂದ್ಯಕ್ಕೆ ಮೂರು ನಿಮಿಷದ ಮೂರು ರೌಂಡ್. ಪ್ರೊ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಪಂದ್ಯ ಅಂದರೆ ಹನ್ನೆರಡು ರೌಂಡ್. ಟಿ20 ಆಡುವವನನ್ನೂ ಟೆಸ್ಟ್ ಆಡುವವನನ್ನೂ ಪಕ್ಕಪಕ್ಕ ನಿಲ್ಲಿಸಿ ಯಾರು ದೊಡ್ಡವರು ಅಂತ ಕೇಳಿದ ಹಾಗೆ ಇದು. ಒಂಬತ್ತು ನಿಮಿಷದಲ್ಲಿ ಎದುರಾಳಿಯನ್ನು ಓದಿ, ಪಾಯಿಂಟ್ ಕದ್ದು, ಹೊಡೆತ ತಿನ್ನದೆ ಹೊರಬರುವುದು ಒಂದು ವಿದ್ಯೆ. ಮೂವತ್ತಾರು ನಿಮಿಷ ದೇಹ ಮನಸ್ಸು ಎರಡನ್ನೂ ಕಾಪಾಡಿಕೊಳ್ಳುವುದು ಇನ್ನೊಂದು ವಿದ್ಯೆ.

ಸೋವಿಯತ್ ಬಾಕ್ಸರ್‌ಗಳು ಮೊದಲ ಸಲ ಒಲಿಂಪಿಕ್ಸ್‌ಗೆ ಬಂದದ್ದು 1952ರಲ್ಲಿ, ಹೆಲ್ಸಿಂಕಿಗೆ. ಅಲ್ಲಿ ಚಿನ್ನ ಸಿಗಲಿಲ್ಲ. 1956ರ ಮೆಲ್ಬರ್ನ್‌ನಲ್ಲಿ ಒಂದೇ ಸಲಕ್ಕೆ ಮೂರು ಚಿನ್ನ ಬಂತು. ಅದರಲ್ಲಿ ಒಂದು ಲೆನಿನ್‌ಗ್ರಾಡ್‌ನ ಗೆನ್ನಾದಿ ಶಾಟ್ಕೊವ್‌ನದು, ಮಿಡಲ್‌ವೇಟ್ ಅನ್ನುವ ತೂಕದ ವಿಭಾಗದಲ್ಲಿ. ಕಾನೂನು ಓದಿದವನು, ಮುಂದೆ ಅದೇ ಊರಿನ ವಿಶ್ವವಿದ್ಯಾಲಯದಲ್ಲಿ ದೊಡ್ಡ ಹುದ್ದೆಗೆ ಏರಿದವನು. 1960ರ ರೋಮ್‌ನಲ್ಲಿ ಒಂದು ವಿಭಾಗ ಮೇಲಕ್ಕೆ ಹೋಗಿ ಲೈಟ್ ಹೆವಿವೇಟ್‌ನಲ್ಲಿ ಆಡಿದ. ಕ್ವಾರ್ಟರ್ ಫೈನಲ್‌ನಲ್ಲಿ ಎದುರಾದವನು 18 ವರ್ಷದ ಅಮೆರಿಕದ ಹುಡುಗ. ಹೆಸರು ಕ್ಯಾಷಿಯಸ್ ಕ್ಲೇ. ಶಾಟ್ಕೊವ್ ಸೋತ. ಮುಂದೆ ಮೊಹಮ್ಮದ್ ಅಲಿ ಆಗಲಿದ್ದವನ ಎದುರು, ಅದೂ ತನ್ನದಲ್ಲದ ತೂಕದಲ್ಲಿ, ಸೋತದ್ದರಲ್ಲಿ ಅವಮಾನ ಏನಿಲ್ಲ.

ಆ ಕಾಲದವರಲ್ಲಿ ನನಗೆ ಎಲ್ಲರಿಗಿಂತ ಮೇಲೆ ಕಾಣುವವನು ವಲೇರಿ ಪೊಪೆನ್‌ಚೆಂಕೊ. ಇವನ ಆಟ ನೋಡಿದರೆ ಮೊದಲು ಗಾಬರಿಯಾಗುತ್ತದೆ. ಕೋಚ್‌ಗಳು ಹೇಳಿಕೊಡುವ ಯಾವ ನಿಯಮವೂ ಅಲ್ಲಿ ಇಲ್ಲ. ಕೈ ಕೆಳಗೆ. ಮೈ ಹಿಂದಕ್ಕೆ ವಾಲಿದೆ. ಗದ್ದ ಬಯಲಲ್ಲಿದೆ. ಎದುರಾಳಿ ‘ಇದೇ ಸಮಯ’ ಅಂತ ನುಗ್ಗುತ್ತಾನೆ. ಆ ಹೊತ್ತಿಗೆ ಪೊಪೆನ್‌ಚೆಂಕೊ ಅಲ್ಲಿರುವುದಿಲ್ಲ, ಪಕ್ಕದಿಂದ ಹೊಡೆತ ಬಂದಾಗಿರುತ್ತದೆ. ಸೋವಿಯತ್ ಪಂಡಿತರಿಗೆ ಈ ಆಟ ಹಿಡಿಸಲಿಲ್ಲ. ಒಡ್ಡೊಡ್ಡು, ತಂತ್ರ ಇಲ್ಲ ಅಂದರು. 1960ರ ರೋಮ್‌ಗೆ ಅವನು ಹೋಗಲಿಲ್ಲ. ಆ ವಿಭಾಗದಲ್ಲಿ ಫಿಯೊಫಾನೊವ್ ಹೋಗಿ ಕಂಚು ತಂದ.

ನಾಲ್ಕು ವರ್ಷ ಆದ ಮೇಲೆ, 1964ರಲ್ಲಿ, ಟೋಕಿಯೊ. ಮಿಡಲ್‌ವೇಟ್ ಫೈನಲ್‌ನಲ್ಲಿ ಜರ್ಮನಿಯ ಎಮಿಲ್ ಶುಲ್ಟ್ಸ್. ಪಂದ್ಯ ಮೊದಲ ರೌಂಡ್‌ನಲ್ಲೇ ಮುಗಿಯಿತು. ಆ ಒಲಿಂಪಿಕ್ಸ್‌ನ ಎಲ್ಲ ವಿಭಾಗಗಳನ್ನೂ ಸೇರಿಸಿ ಅತ್ಯುತ್ತಮ ಆಟಗಾರನಿಗೆ, ಅದರಲ್ಲೂ ಆಟದ ಶೈಲಿ ನೋಡಿ, ಕೊಡುವ ವಾಲ್ ಬಾರ್ಕರ್ ಟ್ರೋಫಿ ಇವನ ಪಾಲಾಯಿತು. ‘ಶೈಲಿಯೇ ಇಲ್ಲ’ ಅನ್ನಿಸಿಕೊಂಡವನಿಗೆ! ಸೋವಿಯತ್ ಒಕ್ಕೂಟಕ್ಕೆ ಆ ಟ್ರೋಫಿ ಬಂದದ್ದು ಅದೊಂದೇ ಸಲ. 213 ಪಂದ್ಯದಲ್ಲಿ 200 ಗೆಲುವು, ಎರಡು ಸಲ ಯುರೋಪಿಯನ್ ಚಾಂಪಿಯನ್, ಆರು ಸಲ ಸೋವಿಯತ್ ಚಾಂಪಿಯನ್. ಆಟದ ಜೊತೆಗೇ ಓದಿದ, ತಾಂತ್ರಿಕ ವಿಷಯದಲ್ಲಿ ಸಂಶೋಧನಾ ಪದವಿ ಪಡೆದ. ಮಾಸ್ಕೊದ ಬಾವ್‌ಮನ್ ತಾಂತ್ರಿಕ ಸಂಸ್ಥೆಯಲ್ಲಿ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥನಾದ. 1975ರಲ್ಲಿ ಅದೇ ಸಂಸ್ಥೆಯ ಮೆಟ್ಟಿಲಿನಿಂದ ಕೆಳಗೆ ಬಿದ್ದು ತೀರಿಕೊಂಡ. ಆಗ ಅವನಿಗೆ 37 ವರ್ಷ.

ಪದಕಗಳ ಲೆಕ್ಕ ಹಿಡಿದರೆ ಬೋರಿಸ್ ಲಗುಟಿನ್ ಇವನಿಗಿಂತ ಮುಂದೆ. ಲೈಟ್ ಮಿಡಲ್‌ವೇಟ್‌ನಲ್ಲಿ ರೋಮ್‌ನಲ್ಲಿ ಕಂಚು, ಟೋಕಿಯೊದಲ್ಲಿ ಚಿನ್ನ, 1968ರ ಮೆಕ್ಸಿಕೊದಲ್ಲಿ ಮತ್ತೆ ಚಿನ್ನ. ಎರಡು ಒಲಿಂಪಿಕ್ ಚಿನ್ನ ಗೆದ್ದ ಸೋವಿಯತ್ ಬಾಕ್ಸರ್ ಇವನೊಬ್ಬನೇ. ಆದರೆ ಆ ಎರಡನೇ ಚಿನ್ನದ ಹಿಂದೆ ಇನ್ನೊಬ್ಬನ ಕತೆ ಇದೆ. ಟೋಕಿಯೊ ಆದ ಮೇಲೆ ಲಗುಟಿನ್‌ನ ತೂಕದಲ್ಲಿ ವಿಕ್ಟರ್ ಅಗೆಯೆವ್ ಅನ್ನುವ ಹುಡುಗ ಮೇಲೆ ಬಂದ. ಕೈ ಇಳಿಬಿಟ್ಟು ಆಡುವವನು, ನೋಡುವವರಿಗೆ ಹಬ್ಬ. 1965, 1967 ಎರಡೂ ಸಲ ಯುರೋಪಿಯನ್ ಚಾಂಪಿಯನ್. ಮೆಕ್ಸಿಕೊಕ್ಕೆ ಹೋಗಬೇಕಾದವನು ಅವನೇ. ಬೀದಿ ಜಗಳದ ಕೇಸಿನಲ್ಲಿ ಜೈಲು ಸೇರಿದ. ಮುಗಿದೇ ಹೋದ ಅಂದುಕೊಂಡಿದ್ದ ಲಗುಟಿನ್ 30ನೇ ವಯಸ್ಸಿನಲ್ಲಿ ವಾಪಸ್ ಬಂದು, ಫೈನಲ್‌ನಲ್ಲಿ ಕ್ಯೂಬಾದ ರೊಲಾಂಡೊ ಗಾರ್ಬೆಯನ್ನು ಸೋಲಿಸಿ ಚಿನ್ನ ಗೆದ್ದ. ಸಿಕ್ಕ ಅವಕಾಶವನ್ನು ಬಿಡದೆ ಬಳಸಿಕೊಂಡದ್ದಕ್ಕೆ ಲಗುಟಿನ್‌ಗೆ ಪೂರ್ತಿ ಮರ್ಯಾದೆ ಸಲ್ಲಬೇಕು. ಆದರೂ ಪೊಪೆನ್‌ಚೆಂಕೊ ತನ್ನ ಎದುರಾಳಿಗಳ ಮೇಲೆ ಇಟ್ಟುಕೊಂಡಿದ್ದ ಹಿಡಿತ ಲಗುಟಿನ್‌ಗೆ ಇರಲಿಲ್ಲ ಅಂತ ನನ್ನ ಅಭಿಪ್ರಾಯ.

ಇಗೊರ್ ವಿಸೋಟ್ಸ್ಕಿ ಹೆಸರನ್ನೂ ಹೇಳದೆ ಮುಂದೆ ಹೋಗಲಾರೆ. ದೂರದ ಮಗದಾನ್ ಕಡೆಯ ಹೆವಿವೇಟ್. ಒಲಿಂಪಿಕ್ ಪದಕ ಇಲ್ಲ, ಯುರೋಪಿಯನ್ ಚಿನ್ನ ಇಲ್ಲ. ಹುಬ್ಬಿನ ಚರ್ಮ ಬೇಗ ಹರಿದು ಹೋಗುತ್ತಿತ್ತು, ಆ ಗಾಯಗಳೇ ಅವನ ದಾರಿ ಮುಚ್ಚಿದವು. ಆದರೆ ಮೂರು ಒಲಿಂಪಿಕ್ ಚಿನ್ನ ಗೆದ್ದ ಕ್ಯೂಬಾದ ಟಿಯೊಫಿಲೊ ಸ್ಟೀವನ್‌ಸನ್‌ನನ್ನು ಇವನು ಎರಡು ಸಲ ಸೋಲಿಸಿದ. 1973ರಲ್ಲಿ ಕ್ಯೂಬಾದಲ್ಲೇ ಪಾಯಿಂಟ್ಸ್ ಮೇಲೆ. 1976ರಲ್ಲಿ ಮಿನ್ಸ್ಕ್‌ನಲ್ಲಿ ಮೂರನೇ ರೌಂಡ್ ನಾಕೌಟ್. ಆ ಕಾಲದಲ್ಲಿ ಸ್ಟೀವನ್‌ಸನ್‌ನನ್ನು ಕೆಡವುವುದು ಅಂದರೆ ಸುಮ್ನೆ ಮಾತಾ?

ಸೋವಿಯತ್ ಒಕ್ಕೂಟ ಒಡೆದ ಮೇಲೂ ಅಮೆಚೂರ್ ಪರಂಪರೆ ನಿಲ್ಲಲಿಲ್ಲ. ಸಮಾರಾ ಸೀಮೆಯ ಒಲೆಗ್ ಸಾಯಿತೊವ್ 1996ರಲ್ಲಿ ಅಟ್ಲಾಂಟಾ, 2000ದಲ್ಲಿ ಸಿಡ್ನಿ, ಎರಡೂ ಕಡೆ ಚಿನ್ನ ಗೆದ್ದ. 2004ರ ಅಥೆನ್ಸ್‌ನಲ್ಲಿ ಕಂಚು. ಸಿಡ್ನಿಯಲ್ಲಿ ವಾಲ್ ಬಾರ್ಕರ್ ಟ್ರೋಫಿಯೂ ಅವನದೇ. ಓಮ್ಸ್ಕ್‌ನ ಅಲೆಕ್ಸೆಯ್ ತಿಶ್ಚೆಂಕೊ 2004 ಮತ್ತು 2008ರಲ್ಲಿ ಎರಡು ಬೇರೆ ಬೇರೆ ತೂಕದಲ್ಲಿ ಚಿನ್ನ ಗೆದ್ದ. ಅಥೆನ್ಸ್‌ನಲ್ಲೇ ಇನ್ನೊಬ್ಬ ರಷ್ಯನ್ ಗೈದರ್‌ಬೆಕೊವ್ ಫೈನಲ್‌ನಲ್ಲಿ ಸೋಲಿಸಿದ್ದು ಯಾರನ್ನು ಗೊತ್ತಾ? ಗೆನ್ನಾದಿ ಗೊಲೊವ್ಕಿನ್‌ನನ್ನು. ಇವರೆಲ್ಲ ಅದ್ಭುತ ಬಾಕ್ಸರ್‌ಗಳು. ಆದರೆ ಇವರ ಕಾಲಕ್ಕೆ ಪ್ರೊ ಬಾಕ್ಸಿಂಗ್‌ನ ಬಾಗಿಲು ತೆರೆದೇ ಇತ್ತು. ಪೊಪೆನ್‌ಚೆಂಕೊಗೆ ಅಲ್ಲಿಗೆ ಹೋಗುವ ಅವಕಾಶವೇ ಇರಲಿಲ್ಲ. ಸಾಯಿತೊವ್‌ಗೆ ಇತ್ತು, ಅವನು ಬೇಡ ಅಂದ. ಅದು ಅವನ ಇಷ್ಟ, ತಪ್ಪಲ್ಲ. ಆದರೆ ಸಾರ್ವಕಾಲಿಕ ಶ್ರೇಷ್ಠ ಯಾರು ಅಂತ ಹುಡುಕುವಾಗ, ದೊಡ್ಡ ಪರೀಕ್ಷೆಗೆ ಕೂತವನಿಗೆ ಜಾಸ್ತಿ ಅಂಕ ಕೊಡಲೇಬೇಕು.

ಆ ಬಾಗಿಲನ್ನು ಮೊದಲು ದಾಟಿ ಗೆದ್ದವನು ಯೂರಿ ಅರ್ಬಚಕೋವ್. ದಕ್ಷಿಣ ಸೈಬೀರಿಯಾದ ಶೋರ್ ಅನ್ನುವ ಪುಟ್ಟ ಸಮುದಾಯದವನು. 1989ರಲ್ಲಿ ಮಾಸ್ಕೊದಲ್ಲಿ ಅಮೆಚೂರ್ ವಿಶ್ವ ಚಾಂಪಿಯನ್ ಆದ. ಆಮೇಲೆ ಜಪಾನ್‌ಗೆ ಹೋಗಿ ಕ್ಯೋಎಯ್ ಜಿಮ್ ಸೇರಿದ. 1992ರ ಜೂನ್‌ನಲ್ಲಿ ಟೋಕಿಯೊದಲ್ಲಿ ಥಾಯ್ಲೆಂಡ್‌ನ ಮುವಾಂಗ್‌ಚಾಯ್‌ನನ್ನು ಎಂಟನೇ ರೌಂಡ್‌ನಲ್ಲಿ ಕೆಡವಿ ಡಬ್ಲ್ಯುಬಿಸಿ ಅನ್ನುವ ಸಂಸ್ಥೆ ವಿಶ್ವ ಚಾಂಪಿಯನ್‌ಗೆ ಕೊಡುವ ಫ್ಲೈವೇಟ್ ಬೆಲ್ಟ್ ಗೆದ್ದ. ಪ್ರೊ ಬಾಕ್ಸಿಂಗ್‌ನಲ್ಲಿ ರಷ್ಯಾದ ಮೊದಲ ವಿಶ್ವ ಚಾಂಪಿಯನ್. ಒಂಬತ್ತು ಸಲ ಬೆಲ್ಟ್ ಉಳಿಸಿಕೊಂಡ, ಇಡೀ ವೃತ್ತಿಯಲ್ಲಿ ಸೋತದ್ದು ಒಂದೇ ಪಂದ್ಯ. ಫ್ಲೈವೇಟ್ ಅಂದರೆ 51 ಕೆಜಿ ಒಳಗಿನ ಸಣ್ಣ ಮನುಷ್ಯರ ಆಟ. ಆಡಿದ್ದೂ ಜಪಾನ್‌ನಲ್ಲಿ. ಅದಕ್ಕೇ ಇವನ ಹೆಸರು ಈ ವಾದಗಳಲ್ಲಿ ಬರುವುದೇ ಇಲ್ಲ. ಬರಬೇಕು. ನನ್ನ ಮೊದಲ ಐವರಲ್ಲಿ ಇವನಿದ್ದಾನೆ.

ಈಗ ಜ್ಯೂ. 1991ರಲ್ಲಿ ಸಿಡ್ನಿಯಲ್ಲಿ ಅಮೆಚೂರ್ ವಿಶ್ವ ಚಾಂಪಿಯನ್‌ಷಿಪ್ ನಡೆಯಿತು. ಸೋವಿಯತ್ ತಂಡದ ಜ್ಯೂ ಫೈನಲ್‌ನಲ್ಲಿ ಅಮೆರಿಕದ ವರ್ನನ್ ಫಾರೆಸ್ಟ್‌ನನ್ನು ಸೋಲಿಸಿದ. ಊರು ಇಷ್ಟವಾಯಿತು. ಮರುವರ್ಷ ಅಲ್ಲಿಗೇ ಬಂದು ನೆಲೆಸಿದ, ಜಾನಿ ಲೂಯಿಸ್ ಕೋಚ್ ಆದರು. 1995ರ ಜನವರಿಗೆಲ್ಲ ಲಾಸ್ ವೇಗಸ್‌ನಲ್ಲಿ ಜೇಕ್ ರೊಡ್ರಿಗಸ್‌ನನ್ನು ಕೆಡವಿ ಐಬಿಎಫ್ ಅನ್ನುವ ಇನ್ನೊಂದು ಸಂಸ್ಥೆಯ ವಿಶ್ವ ಬೆಲ್ಟ್ ಗೆದ್ದಿದ್ದ. ಅಂದರೆ ಪೊಪೆನ್‌ಚೆಂಕೊ ಕಲಿತ ಶಾಲೆಯಲ್ಲೇ ಜ್ಯೂ ಕಲಿತ, ಅಲ್ಲಿ ಮೊದಲ ಸ್ಥಾನಕ್ಕೆ ಬಂದ, ಆಮೇಲೆ ಹನ್ನೆರಡು ರೌಂಡ್‌ನ ಶಾಲೆಗೂ ಹೋಗಿ ಅಲ್ಲೂ ಮೊದಲಿಗನಾದ. ನನ್ನ ಆಯ್ಕೆಗೆ ಇದೇ ಮುಖ್ಯ ಕಾರಣ.

2001ರ ನವೆಂಬರ್ 3ರ ಪಂದ್ಯ ನೋಡಿ. ಎಂಜಿಎಂ ಗ್ರಾಂಡ್, ಲಾಸ್ ವೇಗಸ್. ಎದುರಿಗೆ ಸೋಲೇ ಕಾಣದ ಝಾಬ್ ಜೂಡಾ, ಎಡಗೈ ಬಾಕ್ಸರ್, ಮಿಂಚಿನಂಥ ಕೈ. ಗೆದ್ದವನಿಗೆ ಆ ತೂಕದ ಮೂರೂ ದೊಡ್ಡ ಬೆಲ್ಟ್. ಮೊದಲ ರೌಂಡ್ ಪೂರ್ತಿ ಜೂಡಾನದು. ಕೆಳಗಿನಿಂದ ಮೇಲಕ್ಕೆ ಬಂದ ಅವನ ಅಪ್ಪರ್‌ಕಟ್ ಜ್ಯೂನನ್ನು ಅಲುಗಾಡಿಸಿತು. ಬೇರೆ ಯಾರಾದರೂ ಆಗಿದ್ದರೆ ಗಾರ್ಡ್ ಮೇಲೆತ್ತಿ ಹಿಂದೆ ಸರಿಯುತ್ತಿದ್ದರು. ಜ್ಯೂ ಒಂದೊಂದೇ ಹೆಜ್ಜೆ ಮುಂದೆ ಬರುತ್ತಲೇ ಇದ್ದ. ಅವನ ಕಣ್ಣು ಜೂಡಾನ ಕೈ ಮೇಲೆ ಇರಲಿಲ್ಲ, ಅವನು ಹಿಂದೆ ಸರಿಯುವ ದಾರಿಯ ಮೇಲಿತ್ತು. ಎರಡನೇ ರೌಂಡ್ ಮುಗಿಯಲು ಕೆಲವೇ ಸೆಕೆಂಡ್. ಜೂಡಾ ನೇರವಾಗಿ ಹಿಂದಕ್ಕೆ ಸರಿದ, ಕೈ ಕೆಳಗಿತ್ತು. ಜ್ಯೂನ ಬಲಗೈ ಸೀದಾ ಗದ್ದಕ್ಕೆ ಬಿತ್ತು. ಜೂಡಾ ಬಿದ್ದವನು ತಕ್ಷಣ ಎದ್ದ. ಏನೂ ಆಗಿಲ್ಲ ಅಂತ ತೋರಿಸಲು ಹೊರಟ. ಕಾಲು ಕೇಳಲಿಲ್ಲ, ತತ್ತರಿಸುತ್ತಾ ಮತ್ತೆ ಕುಸಿದ. ರೆಫರಿ ಜೇ ನೇಡಿ ಎಣಿಕೆ ಬಿಟ್ಟು ಪಂದ್ಯ ನಿಲ್ಲಿಸಿದರು. 2 ನಿಮಿಷ 59 ಸೆಕೆಂಡ್. ಜೂಡಾ ಸಿಟ್ಟಿಗೆದ್ದು ಸ್ಟೂಲ್ ಎಸೆದ, ರೆಫರಿ ಕತ್ತಿಗೆ ಕೈ ಹಾಕಿದ, ದಂಡ ಕಟ್ಟಿ ಆರು ತಿಂಗಳು ಅಮಾನತಾದ. ಒಂದು ಸೆಕೆಂಡ್ ಉಳಿದಿತ್ತು, ಬಿಡಬಹುದಿತ್ತು ಅನ್ನುವವರು ಈಗಲೂ ಇದ್ದಾರೆ. ಆ ಕಾಲುಗಳನ್ನು ನೋಡಿದ ಮೇಲೆ ನನಗೆ ಆ ಮಾತು ಒಪ್ಪಿಗೆಯಾಗುವುದಿಲ್ಲ.

ಜ್ಯೂನ ಲೆಕ್ಕದಲ್ಲಿ ಕಳೆಯಬೇಕಾದ್ದೂ ಇದೆ. 2000ದಲ್ಲಿ ಮೆಕ್ಸಿಕೊದ ದಿಗ್ಗಜ ಹೂಲಿಯೊ ಸೀಸರ್ ಚಾವೆಸ್‌ನನ್ನು ಸೋಲಿಸಿದ್ದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಚಾವೆಸ್‌ಗೆ ಆಗ 38, ಅವನ ಕಾಲ ಮುಗಿದಿತ್ತು. 1997ರಲ್ಲಿ ವಿನ್ಸ್ ಫಿಲಿಪ್ಸ್ ಎದುರು ಹತ್ತನೇ ರೌಂಡ್‌ನಲ್ಲಿ ಸೋತದ್ದು ನಿಜವಾದ ಕಪ್ಪುಚುಕ್ಕೆ. ಅಲ್ಲಿ ಗೆಲ್ಲಬೇಕಿದ್ದವನು ಜ್ಯೂನೇ. ಆದರೆ ಅಲ್ಲಿಂದ ಮೇಲೆದ್ದು ಒಂದೊಂದೇ ಬೆಲ್ಟ್ ಸೇರಿಸಿದ. ಗಾಯದಿಂದ ಬಹಳ ದಿನ ಹೊರಗಿದ್ದು, 2004ರಲ್ಲಿ ವಾಪಸ್ ಬಂದು ಶಾರ್ಮ್ಬಾ ಮಿಚೆಲ್‌ನನ್ನು ಮೂರು ರೌಂಡ್‌ನಲ್ಲಿ ನಾಲ್ಕು ಸಲ ಕೆಡವಿದ. ಕೊನೆಯ ಪಂದ್ಯ 2005ರ ಜೂನ್, ಮ್ಯಾಂಚೆಸ್ಟರ್, ರಿಕಿ ಹ್ಯಾಟನ್‌ನ ತವರು. ಅಮೆರಿಕದ ಟಿವಿಗಾಗಿ ನಡುರಾತ್ರಿ ದಾಟಿದ ಮೇಲೆ ಶುರುವಾದ ಪಂದ್ಯ. ಹನ್ನೆರಡನೇ ರೌಂಡ್‌ಗೆ ಮುಂಚೆ ಜಾನಿ ಲೂಯಿಸ್ ‘ಸಾಕು’ ಅಂದರು. ಜ್ಯೂಗೆ 35. ಒಟ್ಟು 31 ಗೆಲುವು, ಅದರಲ್ಲಿ 25 ನಾಕೌಟ್, 2 ಸೋಲು. 2011ರಲ್ಲಿ ಅಂತರರಾಷ್ಟ್ರೀಯ ಬಾಕ್ಸಿಂಗ್ ಹಾಲ್ ಆಫ್ ಫೇಮ್ ಸೇರಿದ.

ಇನ್ನು ನಿಮ್ಮ ಬಿವೋಲ್ ಕಡೆ ಬರೋಣ. ಅವನಿಗೆ ಮುಂಚೆ ಲೈಟ್ ಹೆವಿವೇಟ್‌ನಲ್ಲಿ ರಷ್ಯಾದ ದೊಡ್ಡ ಹೆಸರು ಸೆರ್ಗೆಯ್ ಕೊವಲೆವ್. 2014ರಲ್ಲಿ ಅಮೆರಿಕದ ಬರ್ನಾರ್ಡ್ ಹಾಪ್ಕಿನ್ಸ್‌ಗೆ ಮೂವರು ಜಡ್ಜ್‌ಗಳ ಲೆಕ್ಕದಲ್ಲೂ ಒಂದು ರೌಂಡ್ ಸಹ ಬಿಟ್ಟುಕೊಡಲಿಲ್ಲ. 2016ರಲ್ಲಿ ಅಮೆರಿಕದವನೇ ಆದ ಆಂಡ್ರೆ ವಾರ್ಡ್ ಎದುರಿನ ಮೊದಲ ಪಂದ್ಯ ಮೂರೂ ಕಾರ್ಡ್‌ನಲ್ಲಿ 114-113ರಿಂದ ಕೈತಪ್ಪಿತು. ಅದನ್ನು ಕೊವಲೆವ್ ಗೆದ್ದಿದ್ದ ಅಂತ ನಂಬುವವರಲ್ಲಿ ನಾನೂ ಒಬ್ಬ. ಎರಡನೇ ಪಂದ್ಯದಲ್ಲಿ ವಾದವೇ ಇಲ್ಲ, ವಾರ್ಡ್ ಎಂಟನೇ ರೌಂಡ್‌ನಲ್ಲಿ ಮುಗಿಸಿದ. 2019ರಲ್ಲಿ ಮೆಕ್ಸಿಕೊದ ಕನೆಲೊ ಅಲ್ವಾರೆಜ್ ಮೇಲಿನ ತೂಕಕ್ಕೆ ಬಂದು ಕೊವಲೆವ್‌ನನ್ನು ಹನ್ನೊಂದನೇ ರೌಂಡ್‌ನಲ್ಲಿ ಕೆಡವಿದ.

ಅದೇ ಕನೆಲೊ 2022ರ ಮೇ 7ರಂದು ಅದೇ ತೂಕಕ್ಕೆ ಮತ್ತೆ ಬಂದ. ಈ ಸಲ ಎದುರಿಗೆ ಬಿವೋಲ್. ಆ ಪಂದ್ಯ ನೀವು ನೋಡಿಯೇ ಇರುತ್ತೀರಿ. ಆದರೆ ಇನ್ನೊಮ್ಮೆ ನೋಡುವಾಗ ಬಿವೋಲ್‌ನ ಕಾಲು ಮಾತ್ರ ನೋಡಿ. ಒಳಗೆ ಅರ್ಧ ಹೆಜ್ಜೆ, ಜ್ಯಾಬ್ (ಮುಂದಿನ ಕೈಯ ನೇರ ಹೊಡೆತ), ಬಲಗೈ, ಹೊರಗೆ ಅರ್ಧ ಹೆಜ್ಜೆ. ಕನೆಲೊ ಹೊಡೆಯಲು ಕಾಲೂರುವ ಹೊತ್ತಿಗೆ ದೂರ ಬದಲಾಗಿರುತ್ತದೆ. ಕನೆಲೊ ತಲೆ ಸಿಗದೆ ತೋಳಿಗೆ ಹೊಡೆದ. ಪಂದ್ಯ ಮುಗಿದಾಗ ಬಿವೋಲ್‌ನ ತೋಳು ಕಂದಿ ಹೋಗಿತ್ತು, ಆದರೆ ಕನೆಲೊನ ಲೆಕ್ಕಕ್ಕೆ ಬಂದ ಹೊಡೆತ 84 ಮಾತ್ರ. ಬಿವೋಲ್‌ನದು 152. ಜಡ್ಜ್‌ಗಳು ಮೂವರೂ 115-113 ಕೊಟ್ಟರು. ಅಂತರ ಅದಕ್ಕಿಂತ ಜಾಸ್ತಿ ಇತ್ತು ಅಂತ ನನ್ನ ಎಣಿಕೆ.

ಬೆಟರ್‌ಬಿಯೆವ್ ಇವನಿಗೆ ಪೂರ್ತಿ ವಿರುದ್ಧ. 2009ರ ಅಮೆಚೂರ್ ವಿಶ್ವ ಚಾಂಪಿಯನ್. ಪ್ರೊ ಆದ ಮೇಲೆ ಮೊದಲ 20 ಪಂದ್ಯ, 20 ಗೆಲುವು, 20ಕ್ಕೆ 20 ನಾಕೌಟ್. ಅವನ ಪಂಚ್ ದೊಡ್ಡದಾಗಿ ಕಾಣುವುದಿಲ್ಲ. ಹತ್ತಿರ ನಿಂತು ಸಣ್ಣದಾಗಿ, ಬಿಡದೆ ಹೊಡೆಯುತ್ತಾನೆ. ಎದುರಾಳಿ ರೌಂಡ್ ರೌಂಡ್‌ಗೂ ಕರಗುತ್ತಾ ಹೋಗುತ್ತಾನೆ. 2024ರ ಅಕ್ಟೋಬರ್ 12ರಂದು ರಿಯಾದ್‌ನಲ್ಲಿ ನಾಲ್ಕೂ ಬೆಲ್ಟ್ ಪಣಕ್ಕಿಟ್ಟು ಇಬ್ಬರೂ ಆಡಿದರು. ಸ್ಕೋರ್ 114-114, 115-113, 116-112. ಬೆಟರ್‌ಬಿಯೆವ್ ಗೆದ್ದ. 2025ರ ಫೆಬ್ರವರಿ 22ರಂದು ಮತ್ತೆ ಅಲ್ಲೇ. ಸ್ಕೋರ್ ಮತ್ತೆ 114-114, 115-113, 116-112. ಈ ಸಲ ಬಿವೋಲ್. ಇಪ್ಪತ್ನಾಲ್ಕು ರೌಂಡ್‌ನಲ್ಲಿ ಇಬ್ಬರ ನಡುವೆ ಕೂದಲೆಳೆ ಅಂತರ.

ನಿಮ್ಮ ವಾದಕ್ಕೆ ತೊಡಕಾಗುವುದೂ ಇದೇ. ಎರಡನೇ ಪಂದ್ಯದ ಹೊತ್ತಿಗೆ ಬೆಟರ್‌ಬಿಯೆವ್‌ಗೆ 40 ತುಂಬಿತ್ತು. ಬಿವೋಲ್‌ಗೆ 34. ತನಗಿಂತ ಆರು ವರ್ಷ ದೊಡ್ಡವನ ಎದುರು ಒಂದು ಸೋಲು, ಒಂದು ಗೆಲುವು, ಎರಡೂ ಕೂದಲೆಳೆಯಲ್ಲಿ. ಕನೆಲೊ ಮೇಲಿನ ಗೆಲುವು ದೊಡ್ಡದು ನಿಜ, ಆದರೆ ಕನೆಲೊ ಚಿಕ್ಕ ಮನುಷ್ಯ, ಅದು ಅವನ ತೂಕ ಅಲ್ಲ. ಜ್ಯೂ ಜೂಡಾನನ್ನು ಸೋಲಿಸಿದ್ದು ಜೂಡಾನ ತೂಕದಲ್ಲೇ, ಜೂಡಾ ಅತಿ ಚುರುಕಾಗಿದ್ದ ಕಾಲದಲ್ಲೇ, ಆರು ನಿಮಿಷದೊಳಗೆ. ಜೊತೆಗೆ ಹತ್ತು ವರ್ಷ ಆ ವಿಭಾಗದ ತುದಿಯಲ್ಲಿ ನಿಂತ. ಶುದ್ಧ ಕೌಶಲ ಮಾತ್ರ ನೋಡಿದರೆ ಬಿವೋಲ್ ಜ್ಯೂಗಿಂತ ನುರಿತವನು. ಅದನ್ನು ಒಪ್ಪುತ್ತೇನೆ. ಆದರೆ ಕಠಿಣ ಘಳಿಗೆಯಲ್ಲಿ ಒಂದೇ ಹೊಡೆತದಿಂದ ಪಂದ್ಯದ ದಿಕ್ಕು ಬದಲಿಸುವ ಶಕ್ತಿ ಜ್ಯೂಗಿತ್ತು. ಬಿವೋಲ್‌ನ ದೊಡ್ಡ ಪಂದ್ಯಗಳೆಲ್ಲ ಜಡ್ಜ್‌ಗಳ ಕೈಗೆ ಹೋಗಿವೆ.

ಹೆವಿವೇಟ್‌ಗಳ ಬಗ್ಗೆ ನೀವು ಕೇಳಲಿಲ್ಲ, ಆದರೂ ಯಾರಾದರೂ ಕೇಳಿಯೇ ಕೇಳುತ್ತಾರೆ. 213 ಸೆಂ.ಮೀ. ಎತ್ತರದ ನಿಕೊಲಾಯ್ ವಾಲುಯೆವ್ ರಷ್ಯಾದ ಮೊದಲ ಹೆವಿವೇಟ್ ವಿಶ್ವ ಚಾಂಪಿಯನ್, ಆದರೆ ಶ್ರೇಷ್ಠರ ಸಾಲಿಗೆ ಬರುವ ಆಟ ಅದಲ್ಲ. ಅಲೆಕ್ಸಾಂಡರ್ ಪೊವೆಟ್ಕಿನ್ ಅಥೆನ್ಸ್‌ನ ಚಿನ್ನದ ಹುಡುಗ, ಒಳ್ಳೆಯ ಬಾಕ್ಸರ್. ಆದರೆ 2016ರಲ್ಲಿ ಎರಡು ಸಲ ಡೋಪಿಂಗ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ. ಅವನಿಗೆ ನನ್ನ ಪಟ್ಟಿಯಲ್ಲಿ ಜಾಗ ಇಲ್ಲ. ಅಂದಹಾಗೆ, ನಮ್ಮ ವಿಜೇಂದರ್ ಸಿಂಗ್‌ಗೆ ಪ್ರೊ ಬಾಕ್ಸಿಂಗ್‌ನಲ್ಲಿ ಮೊದಲ ಸೋಲು ಕೊಟ್ಟವನೂ ಒಬ್ಬ ರಷ್ಯನ್ನೇ. 2021ರ ಮಾರ್ಚ್‌ನಲ್ಲಿ, ಗೋವಾದಲ್ಲಿ. ಹೆಸರು ಆರ್ತಿಶ್ ಲೊಪ್ಸಾನ್. ದೊಡ್ಡ ಚಾಂಪಿಯನ್ ಏನಲ್ಲ. ಆ ದೇಶದಲ್ಲಿ ಎರಡನೇ ಸಾಲಿನವರೂ ಎಷ್ಟು ಗಟ್ಟಿ ಅಂತ ಅದರಿಂದ ಗೊತ್ತಾಗುತ್ತದೆ.

ಹಾಗಾಗಿ ನನ್ನ ಸಾಲು ಹೀಗೆ: ಜ್ಯೂ, ಆಮೇಲೆ ಬಿವೋಲ್, ಮೂರನೆಯವನು ಪೊಪೆನ್‌ಚೆಂಕೊ, ಬೆಟರ್‌ಬಿಯೆವ್ ನಾಲ್ಕು, ಅರ್ಬಚಕೋವ್ ಐದು. ಲಗುಟಿನ್, ಸಾಯಿತೊವ್, ಕೊವಲೆವ್ ಇವರ ಬೆನ್ನಿಗೇ ಇದ್ದಾರೆ. ಮೂರನೇ ಗೆಳೆಯರು ಪೊಪೆನ್‌ಚೆಂಕೊನನ್ನು ಮೊದಲಿಗೆ ಇಟ್ಟರೆ ನಾನು ಜಗಳ ಆಡುವುದಿಲ್ಲ. ಬಿವೋಲ್ ಇನ್ನೂ ಆಡುತ್ತಿದ್ದಾನೆ. ತನ್ನದೇ ತೂಕದ, ತನಗಿಂತ ಚಿಕ್ಕ ವಯಸ್ಸಿನ ಒಬ್ಬಿಬ್ಬರು ಬಲಿಷ್ಠರನ್ನು ಸ್ಪಷ್ಟವಾಗಿ ಸೋಲಿಸಿದರೆ ನಾನು ಅವನನ್ನು ಮೇಲಕ್ಕೆ ಏರಿಸಲು ಸಿದ್ಧ. ಅಲ್ಲಿಯವರೆಗೆ ನೀವು ಮೂವರೂ ಒಟ್ಟಿಗೆ ಕೂತು ಮೊದಲು ಟೋಕಿಯೊ ಫೈನಲ್ ನೋಡಿ, ಆಮೇಲೆ ಜ್ಯೂ–ಜೂಡಾ ನೋಡಿ. ಎರಡೂ ಸೇರಿ ಹತ್ತು ನಿಮಿಷವೂ ಆಗುವುದಿಲ್ಲ. ಮೊದಲನೆಯದರಲ್ಲಿ ಪೊಪೆನ್‌ಚೆಂಕೊನ ಕೈ ಎಲ್ಲಿರುತ್ತದೆ ನೋಡಿ, ಎರಡನೆಯದರಲ್ಲಿ ಬಲಗೈ ಬೀಳುವ ಮುಂಚೆ ಜ್ಯೂನ ಎಡಗಾಲು ಎಲ್ಲಿರುತ್ತದೆ ನೋಡಿ. ಆಮೇಲೂ ಬಿವೋಲೇ ಮೊದಲು ಅನ್ನಿಸಿದರೆ ಕಾರಣ ಸಮೇತ ಬರೆಯಿರಿ, ಖಂಡಿತ ಉತ್ತರಿಸುತ್ತೇನೆ.